ನೀರು ಹೆಚ್ಚಾಗೇದ

ಗುರುಪಾದ ಕಾಕಾ ಆ ದಿನ ಫೋನಿನಲ್ಲಿ 'ಬಾಯ್ಲರ್ ಫುಲ್ ಅದ' ಎಂದು ಹೇಳಿರಲೇ ಇಲ್ಲ. ಹೇಳಿದರೆಂದು ನಾನು ಹೇಳಿದೆ — ಎಂಟು ಜನರ ಮುಂದೆ, ಅವರ ಮುಖವನ್ನೇ ನೋಡುತ್ತ. ಅವರು ನನ್ನ ಮಾತು ನಂಬಿದರು. ಅವತ್ತಿನಿಂದ ತಮ್ಮ ನೆನಪನ್ನು ತಾವೇ ನಂಬದ ಹಾಗಾದರು. ಇದಾಗಿ ನಾಲ್ಕು ವರ್ಷ. ಈ ನಾಲ್ಕು ವರ್ಷದಲ್ಲಿ ಒಂದೇ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು, ಹೇಳಲಿಲ್ಲ.

ನನ್ನ ಹೆಸರು ಶ್ರೀಧರ. ಪುಣೆಯ ಬಿಬವೇವಾಡಿಯಲ್ಲಿ ನಳ, ಪೈಪು, ವಾಲ್ವುಗಳ ಅಂಗಡಿ ಇದೆ. ಅಪ್ಪ ಗದಗದ ಕಡೆಯಿಂದ ಬಂದು ತೆರೆದ ಅಂಗಡಿ. ಅವ್ವ ನಾನು ಮೂರು ವರ್ಷದವನಿದ್ದಾಗಲೇ ಹೋದಳು. ಅಪ್ಪನ ಜೊತೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಅಂಗಡಿಯ ಕನ್ನಡ ಕಲಿತೆ, ಓದು ಬರಹವನ್ನು ಅಪ್ಪ ಹಟ ಹಿಡಿದು ಕಲಿಸಿದ, ಉಳಿದದ್ದೆಲ್ಲ ಮರಾಠಿ. ಮದುವೆಯಾದದ್ದೂ ಮರಾಠಿ ಮನೆಯ ಸ್ಮಿತಾಳನ್ನು. ಅಡುಗೆಮನೆಯ ಕನ್ನಡ, ದೇವರ ಕೋಣೆಯ ಕನ್ನಡ ನನ್ನ ಕಿವಿಗೆ ಬೀಳಲೇ ಇಲ್ಲ. ಇದನ್ನು ನೆಪ ಮಾಡಿಕೊಂಡು ಹೇಳುತ್ತಿಲ್ಲ — ಮುಂದೆ ಅರ್ಥವಾಗಬೇಕಲ್ಲ, ಅದಕ್ಕೆ.

ನನಗೆ ಉಗಿ ಗಾಡಿಗಳ ಹುಚ್ಚು. ಮನೆಯ ಮೇಲಿನ ಕೋಣೆಯಲ್ಲಿ ಪ್ಲೈವುಡ್ ಹಾಸಿ, ಥರ್ಮೋಕೋಲಿನ ಘಾಟ್ ಕಟ್ಟಿ, ಎರಡು ಸುರಂಗ ಕೊರೆದು, ಕೆಳಗೆ ಲೋಣಾವಳಾ ಸ್ಟೇಷನ್ ಮಾಡಿದ್ದೆ. ಪ್ಲಾಟ್‌ಫಾರ್ಮಿನ ಮೇಲೆ ಉಗುರಿನಷ್ಟು ದೊಡ್ಡ ಚಿಕ್ಕಿ ಅಂಗಡಿ ಕೂಡ ಇತ್ತು. ಏಳು ಇಂಜಿನ್ನುಗಳು ಗಾಜಿನ ಕಪಾಟಿನಲ್ಲಿ. ಎಲ್ಲವೂ ಕರೆಂಟಿನವು, ಹೊರಗೆ ಉಗಿ ಇಂಜಿನ್ನಿನ ರೂಪ, ಒಳಗೆ ಮೋಟರು. ಗುಂಡಿ ಒತ್ತಿದರೆ ಛುಕ್ ಛುಕ್ ಎಂದು ರೆಕಾರ್ಡು ಹಾಡುತ್ತಿತ್ತು. ಬಂದವರೆಲ್ಲ ವಾಹ್ ಎನ್ನುತ್ತಿದ್ದರು, ನಾನು ಹಿಗ್ಗುತ್ತಿದ್ದೆ.

ಒಂದು ದಿನ ಅಂಗಡಿಗೆ ಎಂಬತ್ತರ ಹತ್ತಿರದ ಒಬ್ಬ ಮುದುಕರು ಬಂದರು. ಬಿಳಿ ಧೋತರ, ತಲೆಗೆ ಟೊಪ್ಪಿಗೆ. ಹರಕು ಮುರುಕು ಮರಾಠಿಯಲ್ಲಿ ಹಿತ್ತಾಳೆಯ ಸಣ್ಣ ಕಾಕ್ — ನೀರು ಬಿಡುವ ತಿರುಪಿನ ನಳ — ಕೇಳಿದರು. ನಾನು ತೋರಿಸಿದ್ದನ್ನು ತಿರುಗಿಸಿ ತಿರುಗಿಸಿ ನೋಡಿ ಗೊಣಗಿದರು — "ಇದು ಆನಿಗೆ ಹಾಕೂದಾತು. ನನಗ ಬೇಕಾಗಿದ್ದು ಇರಿವಿಗೆ."

ಕನ್ನಡ ಕೇಳಿ ನಾನು ನಕ್ಕೆ. ಯಾವುದಕ್ಕೆ ಬೇಕೆಂದು ಕೇಳಿದೆ. ಅವರು ಆಚೀಚೆ ನೋಡಿ, ಮನೆಯ ಗುಟ್ಟು ಹೇಳುವವರ ಹಾಗೆ ದನಿ ತಗ್ಗಿಸಿ ಹೇಳಿದರು: "ಇಂಜಿನ್ನಿಗೆ ರೀ. ನಾ ಮಾಡಿದ್ದು."

ಅವರೇ ಗುರುಪಾದ ಕಾಕಾ. ಹುಬ್ಬಳ್ಳಿಯ ಲೋಕೋ ಶೆಡ್ಡಿನಲ್ಲಿ ಇಂಜಿನ್ ಒರೆಸುವ ಕೆಲಸಕ್ಕೆ ಸೇರಿ, ಕಲ್ಲಿದ್ದಲು ಹಾಕುವ ಫಾಯರ್‌ಮನ್ ಆಗಿ, ಕೊನೆಗೆ ಡ್ರೈವರ್ ಆಗಿ ನಿವೃತ್ತರಾದವರು. ಪುಣೆಯ ಯೆರವಡಾದಲ್ಲಿ ಮಗಳು ಶೈಲಾಳ ಮನೆಯಲ್ಲಿದ್ದರು. ಹನ್ನೊಂದು ವರ್ಷ ಕೂತು, ಲೋಹ ಉಜ್ಜುವ ಕಾನಸು ಹಿಡಿದು, ತಾವು ಓಡಿಸುತ್ತಿದ್ದ ಸಣ್ಣ ಹಳಿಯ ಇಂಜಿನ್ನನ್ನು ಮೊಳಕ್ಕಿಂತ ತುಸು ಉದ್ದಕ್ಕೆ ಇಳಿಸಿ ಕಟ್ಟಿದ್ದರು. ತಾಮ್ರದ ಬಾಯ್ಲರ್. ನಿಜವಾದ ಬೆಂಕಿ, ನಿಜವಾದ ನೀರು, ನಿಜವಾದ ಉಗಿ. ಓಡಿಸಲು ಮಾತ್ರ ಜಾಗವಿರಲಿಲ್ಲ. ಯೆರವಡಾದ ಎರಡು ಕೋಣೆಯ ಮನೆಯಲ್ಲಿ ಅದು ಮಂಚದ ಕೆಳಗೆ ಚಾದರ ಹೊದ್ದು ಮಲಗಿತ್ತು.

ನನ್ನ ಮನೆಗೆ ಕರೆದೊಯ್ದು ಏಳೂ ಇಂಜಿನ್ ಓಡಿಸಿ ತೋರಿಸಿದೆ. ಕಾಕಾ ಮರ್ಯಾದೆಯಿಂದ ನೋಡಿದರು. ಆಮೇಲೆ, "ಗೊಂಬಿ ಭಾಳ ಛಲೋ ಅದಾವ್ರಿ," ಎಂದರು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಏಕೆಂದರೆ ಅವರ ಮಂಚದ ಕೆಳಗಿನದನ್ನು ಅಷ್ಟರಲ್ಲಿ ನೋಡಿ ಬಂದಿದ್ದೆ.

ನನ್ನ ತಾರಸಿಯ ಸುತ್ತ ಸೊಂಟದ ಎತ್ತರಕ್ಕೆ ಇಟ್ಟಿಗೆಯ ಕಂಬ ಕಟ್ಟಿ, ಅಂಗೈ ಅಗಲದ ಹಳಿ ಹಾಕಿದೆವು. ಐದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಕಾಕಾರ ಬಾಯಲ್ಲಿ 'ಮಾಲಕ್ರ' ಹೋಗಿ ನಾನು 'ಶ್ರೀಧರ' ಆಗಿದ್ದೆ, 'ರೀ' ಹೋಗಿ 'ನೀ' ಬಂದಿತ್ತು. ಮೊದಲ ಸಲ ಬೆಂಕಿ ಹಚ್ಚಿದ ಬೆಳಗ್ಗೆ — ಇದನ್ನು ಹೇಗೆ ಬರೆಯಲಿ? ಕಡಲೆಕಾಳಿನಷ್ಟು ಕಲ್ಲಿದ್ದಲಿನ ಚೂರುಗಳನ್ನು ಕಾಕಾ ಚಮಚದಿಂದ ಒಂದೊಂದಾಗಿ ಒಳಗೆ ಬಿಟ್ಟರು. ತುಂಬ ಹೊತ್ತು ಏನೂ ಆಗಲಿಲ್ಲ. ಆಮೇಲೆ ತಾಮ್ರದೊಳಗೆ ಎಲ್ಲೋ ಸಣ್ಣಗೆ ಗುಂಯ್ ಎಂದಿತು. ಒತ್ತಡದ ಮುಳ್ಳು ಒಂಚೂರು ಅಲುಗಿತು. ಬೆಚ್ಚಗಿನ ಎಣ್ಣೆ, ಕಲ್ಲಿದ್ದಲು, ಉಗಿ ಮೂರೂ ಸೇರಿದ ಒಂದು ವಾಸನೆ ಎದ್ದಿತು. ಕಾಕಾ ಹಿಡಿಕೆಯನ್ನು ಕೂದಲೆಳೆಯಷ್ಟು ಸರಿಸಿದರು. ಇಂಜಿನ್ ಒಮ್ಮೆ ಸೀನಿ, ಬಾಯಿಂದ ನೀರು ಉಗುಳಿ, ಒಂದು ಉಸಿರು ಬಿಟ್ಟಿತು. ಇನ್ನೊಂದು. ಆಮೇಲೆ ಯಾರೂ ತಳ್ಳದೆ, ಯಾವ ತಂತಿಯೂ ಇಲ್ಲದೆ — ಹೊರಟಿತು.

ಪಕ್ಕದ ತಾರಸಿಯಲ್ಲಿ ಹಪ್ಪಳ ಒಣಗಿಸುತ್ತಿದ್ದ ನೆರೆಮನೆಯ ಮರಾಠಿ ಹೆಂಗಸು ಕೆಲಸ ಬಿಟ್ಟು ನಿಂತರು. "ಅಗ ಬಾಯೀ! ಹೀ ತರ ಖರೀಚ ಆಹೇ!" ನಿಜವಾದದ್ದೇ ಇದು! ನನ್ನ ಕಣ್ಣಲ್ಲಿ ನೀರು ಬಂದಿತ್ತು. ನೀರು ಮತ್ತು ಬೆಂಕಿ ಸೇರಿದರೆ ಜೀವ ಬರುತ್ತದೆ ಎಂಬುದನ್ನು ನಾನು ನನ್ನ ನಲವತ್ತೆಂಟನೆಯ ವಯಸ್ಸಿನಲ್ಲಿ ಕಣ್ಣಾರೆ ಕಂಡೆ. ಆ ಇಂಜಿನ್ ನನ್ನದಾಗಿದ್ದರೆ — ಎಂದು ಅವತ್ತೇ ಅನಿಸಿತು. ಇದನ್ನೂ ಹೇಳಿಬಿಡುತ್ತೇನೆ.

ಕಾಕಾ ನನಗೆ ಎಲ್ಲಕ್ಕಿಂತ ಮೊದಲು ಕಲಿಸಿದ್ದು ನೀರು ನೋಡುವುದನ್ನು. ಬಾಯ್ಲರಿನ ಹಿಂಬದಿಗೆ ಬೆಂಕಿಕಡ್ಡಿಯಷ್ಟು ಉದ್ದದ ಒಂದು ಗಾಜಿನ ಕೊಳವೆ ಇದೆ. ಒಳಗಿನ ನೀರು ಎಷ್ಟು ಎತ್ತರವಿದೆಯೋ ಗಾಜಿನಲ್ಲೂ ಅಷ್ಟೇ ಎತ್ತರದಲ್ಲಿ ಒಂದು ಗೆರೆ ಕಾಣುತ್ತದೆ. ಆದರೆ ನೀರು ಪೂರ್ತಿ ತುಂಬಿದ್ದರೆ ಗೆರೆ ಕಾಣುವುದಿಲ್ಲ. ನೀರೇ ಇಲ್ಲದಿದ್ದರೂ ಕಾಣುವುದಿಲ್ಲ. ಎರಡೂ ಒಂದೇ ಥರ, ಬರೀ ತಿಳಿ ಗಾಜು.

"ಗಾಜ ಸುಳ್ಳ ಹೇಳ್ತದ, ತಮ್ಮಾ," ಎನ್ನುತ್ತಿದ್ದರು ಕಾಕಾ. "ಕೆಳಗಿನ ಕಾಕ್ ತಗದು ನೋಡಬೇಕು. ನೀರ ಇಳದು ಮತ್ತ ಏರಿತು ಅಂದ್ರ ಖರೆ. ಬರೇ ನೋಡಿ ಬೆಂಕಿ ಹಚ್ಚಾಂವ ಡ್ರೈವರ ಅಲ್ಲ."

ಬೆಂಕಿಯ ನೆತ್ತಿಯ ಮೇಲೆ ಬಾಯ್ಲರಿನಲ್ಲಿ ಒಂದು ಸೀಸದ ಬಿರಡೆಯನ್ನೂ ಕೂರಿಸಿದ್ದರು — ಶೆಡ್ಡಿನಲ್ಲಿ ಅದಕ್ಕೆ ಪ್ಲಗ್ ಎನ್ನುತ್ತಾರೆ. ನೀರು ಅದರ ಕೆಳಗಿಳಿದರೆ ಸೀಸ ಕರಗಿ, ಉಗಿ ಕೆಳಗೆ ನುಗ್ಗಿ, ಬೆಂಕಿಯನ್ನು ತಾನೇ ಆರಿಸುತ್ತದೆ. ಬಾಯ್ಲರ್ ಸಿಡಿಯುವುದು ತಪ್ಪುತ್ತದೆ. ಆದರೆ ಹೀಗೆ ಸೀಸ ಕರಗಿಸಿ ಪ್ಲಗ್ ಬೀಳಿಸಿದವನು ಶೆಡ್ಡಿನಲ್ಲಿ ತಲೆ ಎತ್ತಿ ತಿರುಗುವಂತಿರಲಿಲ್ಲವಂತೆ. ಅಷ್ಟು ವರ್ಷದ ನೌಕರಿಯಲ್ಲಿ ಒಮ್ಮೆಯೂ ಪ್ಲಗ್ ಬೀಳಿಸಿಲ್ಲ ಎಂಬುದೊಂದೇ ಅವರು ತಮ್ಮ ಬಗ್ಗೆ ಹೇಳಿಕೊಳ್ಳುತ್ತಿದ್ದ ಹೆಮ್ಮೆ. ಪಗಾರು, ಬಡ್ತಿ ಯಾವುದರ ಮಾತೂ ಇಲ್ಲ. ಅದೊಂದೇ.

ಈಗ ಆ ರವಿವಾರ. ಪುಣೆಯ ಮಾದರಿ ರೈಲಿನ ಹವ್ಯಾಸಿಗಳು ಎಂಟು ಜನ ಹತ್ತು ಗಂಟೆಗೆ ನೋಡಲು ಬರುವವರಿದ್ದರು. ನಾನೇ ಕರೆದಿದ್ದೆ; ಕರೆಯುವಾಗ 'ನಮ್ಮ ಇಂಜಿನ್' ಎಂದಿದ್ದೆ. ಹಿಂದಿನ ದಿನ ಕಾಕಾ ಒಂದು ಸುತ್ತು ಓಡಿಸಿ, ತೊಳೆದು ಒರೆಸಿ ಹೋಗಿದ್ದರು. ರವಿವಾರ ಬೆಳಗ್ಗೆ ಬಸ್ಸು ಸಿಗದೆ ಅವರಿಗೆ ತಡವಾಯಿತು. ಅತಿಥಿಗಳು ಆಗಲೇ ಮೆಟ್ಟಿಲು ಹತ್ತುತ್ತಿದ್ದರು. ಫೋನು ಮಾಡಿ, ಬೆಂಕಿ ಹಚ್ಚಲೇ ಎಂದು ಕೇಳಿದೆ.

"ಹಚ್ಚು," ಎಂದರು ಕಾಕಾ. ಹಿಂದೆ ಬಸ್ಸಿನ ಗದ್ದಲ. "ನೀರು ಹೆಚ್ಚಾಗೇದ ನೋಡು. ಮೊದಲ ಅದನ್ನ ನೋಡು, ಆಮ್ಯಾಲ ಹಚ್ಚು."

ನೀರು ಹೆಚ್ಚಾಗಿದೆ. ಅಂದರೆ ಬೇಕಾದುದಕ್ಕಿಂತ ಜಾಸ್ತಿ ಇದೆ — ಎಂದುಕೊಂಡೆ. ಬಗ್ಗಿ ಗಾಜು ನೋಡಿದೆ. ಗೆರೆ ಇಲ್ಲ, ತಿಳಿ. ಸರಿ, ಕಾಕಾ ಹೇಳಿದ ಹಾಗೆಯೇ ತುಂಬಿದೆ. ಕಾಕ್ ತೆಗೆದು ನೋಡಬೇಕಿತ್ತು. ಕೈ ಅಲ್ಲಿಯವರೆಗೆ ಹೋಗಿತ್ತು ಕೂಡ. ಯಾರೋ ಹಿಂದಿನಿಂದ ಫೋಟೊ ತೆಗೆಯುತ್ತೇನೆ, ಇತ್ತ ನೋಡಿ ಎಂದರು — ಇತ್ತ ನೋಡಿದೆ.

ಉಗಿ ಯಾವತ್ತಿಗಿಂತ ಬೇಗ ಎದ್ದಿತು. ನನ್ನ ಕೈಗುಣ ಎಂದುಕೊಂಡೆ, ನೋಡಿ ನನ್ನ ಸೊಕ್ಕು! ತಳದಲ್ಲಿ ಉಳಿದಿದ್ದ ಒಂಚೂರು ನೀರು ಅದು, ಕುದಿಯದೆ ಏನು ಮಾಡೀತು? ಇಂಜಿನ್ ಎರಡು ಸುತ್ತು ಹೊಡೆಯಿತು. ಜನ ಚಪ್ಪಾಳೆ ತಟ್ಟಿದರು. ಮೂರನೆಯ ಸುತ್ತಿನ ತಿರುವಿನಲ್ಲಿ ಒಮ್ಮೆಲೇ ಕಿವಿ ಹರಿಯುವ ಹಾಗೆ ಸುಯ್ಯೆಂದು ಬೂದಿ, ಕೆಂಡ, ಬಿಳಿ ಉಗಿ ಎಲ್ಲ ಬೆಂಕಿಗೂಡಿನ ಬಾಗಿಲಿನಿಂದ ಹೊರಗೆ ನುಗ್ಗಿದವು. ಎಲ್ಲರೂ ಹಿಂದೆ ಹಾರಿದರು. ಯಾರಿಗೂ ಏನೂ ಆಗಲಿಲ್ಲ, ದೇವರ ದಯೆ. ಸೀಸ ತನ್ನ ಕೆಲಸ ಮಾಡಿತ್ತು. ಇಂಜಿನ್ ನಿಂತಿತು.

ಅಷ್ಟರಲ್ಲಿ ಕಾಕಾ ಮೆಟ್ಟಿಲ ತುದಿಗೆ ಬಂದಿದ್ದರು. ಅವರಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ, ಸಪ್ಪಳ ಕೇಳಿದ್ದರು. ಚಪ್ಪಲಿ ಬಿಟ್ಟು ಬಂದು ಇಂಜಿನ್ನಿನ ಮುಂದೆ ಮೊಣಕಾಲೂರಿ ಕೂತರು. ಮುಟ್ಟಲಿಲ್ಲ.

"ನೀರ ನೋಡಿದ್ದೇನು?"

ಎಂಟು ಜನ ನನ್ನನ್ನು ನೋಡುತ್ತಿದ್ದರು. ಇಲ್ಲ ಕಾಕಾ, ಕಾಕ್ ತೆಗೆಯಲಿಲ್ಲ — ಇಷ್ಟು ಸಾಕಿತ್ತು. ನಾಲಿಗೆ ಬೇರೆಯದನ್ನೇ ಹೇಳಿತು. "ನೀವ ಫೋನಿನ್ಯಾಗ ಹೇಳಿದ್ರಲ್ಲ ಕಾಕಾ, ಬಾಯ್ಲರ್ ಫುಲ್ ಅದ, ಹಚ್ಚು ಅಂತ."

ಅಷ್ಟಕ್ಕೆ ಬಿಡಲಿಲ್ಲ. ಬಂದವರಿಗೆ ಕನ್ನಡ ತಿಳಿಯದಲ್ಲ. ಅವರತ್ತ ತಿರುಗಿ ಮರಾಠಿಯಲ್ಲೂ ಹೇಳಿದೆ. ಕಾಕಾ ಮ್ಹಣಾಲೇ, ಫುಲ್ ಆಹೇ. ಒಂದೇ ಸುಳ್ಳನ್ನು ಎರಡು ಭಾಷೆಯಲ್ಲಿ ಹೇಳಿದ ಜಾಣ ನಾನು.

"ಹಂಗಂದೆ ಏನು ನಾ?" ಎಂದರು ಕಾಕಾ. ನನ್ನನ್ನು ಕೇಳಿದ್ದಲ್ಲ ಅದು. ಆಮೇಲೆ ಎದ್ದು, ಆ ಎಂಟು ಜನರಿಗೆ ಕೈ ಮುಗಿದು ತಮಗೆ ಬರುವ ಮರಾಠಿಯಲ್ಲಿ, "ಚೂಕ ಝಾಲೀ. ಮಾಝೀ ಚೂಕ," ಎಂದರು. ತಪ್ಪಾಯಿತು, ನನ್ನ ತಪ್ಪು.

ಒಂದು ವಾರದ ನಂತರ ಸ್ಮಿತಾಳನ್ನು ಕರೆದುಕೊಂಡು ಯೆರವಡಾಕ್ಕೆ ಹೋದೆ. ಕಾಕಾ ಕಿಟಕಿಯ ಬಳಿ ಕೂತಿದ್ದರು. ಬಾಯ್ಲರ್ ಸರಿ ಮಾಡೋಣ, ಹೊಸ ಪ್ಲಗ್ ಹಾಕೋಣ ಎಂದೆ.

"ಗಾಡಿ ನಿನ್ನ ಹತ್ರನ ಇರ್ಲಿ," ಎಂದರು. "ನಮ್ಮ ಅಣ್ಣಗೂ ಹಿಂಗ ಚಾಲೂ ಆಗಿತ್ತು. ಒಂದು ಅನ್ನೂದು, ಅಂದದ್ದು ಮರಿಯೂದು. ಕಡೀಕ ನನ್ನ ಹೆಸರೂ ಮರ್ತಾ. ಬಾಯಿಲೆ ಏನ ಬರ್ತದ ಅಂತ ತನಗ ಗೊತ್ತಿಲ್ಲದಾಂವ ಬೆಂಕಿ ಮುಟ್ಟಬಾರದು, ಶ್ರೀಧರ."

ಇಂಜಿನ್ ನನ್ನದಾಯಿತು. ಬರೆಯಲು ನಾಚಿಕೆಯಾಗುತ್ತದೆ — ಆ ಕ್ಷಣ ನನಗೆ ಖುಷಿಯಾಯಿತು. ದುಃಖದ ಮುಖ ಮಾಡಿಕೊಂಡು ಕೂತಿದ್ದೆ, ಎದೆಯೊಳಗೆ ಖುಷಿಯಾಯಿತು.

ಹೊರಡುವಾಗ ಶೈಲಾ ಸ್ಮಿತಾಳನ್ನು ನಿಲ್ಲಿಸಿದಳು. ಮುತ್ತೈದೆಯನ್ನು ಕುಂಕುಮ ಹಚ್ಚದೆ ಕಳಿಸುವ ಹಾಗಿಲ್ಲವಲ್ಲ. ದೇವರ ಮುಂದಿನ ಭರಣಿ ತಂದು ಮುಚ್ಚಳ ತೆಗೆದವಳೇ ನಾಲಿಗೆ ಕಚ್ಚಿಕೊಂಡಳು. "ಅಯ್ಯ, ಕುಂಕುಮ ಹೆಚ್ಚಾಗೇದ ನೋಡ್ರಿ ವೈನಿ! ತಡೀರಿ, ಬ್ಯಾರೆ ಪುಡಿಕಿ ಒಡೀತೀನಿ."

ನಾನು ಭರಣಿಯೊಳಗೆ ನೋಡಿದೆ. ತಳ ಕಾಣುತ್ತಿತ್ತು. ಖಾಲಿ.

ಸ್ಮಿತಾ ಏನೆಂದು ಕೇಳಿದಳು. ಶೈಲಾ ನಗುತ್ತ ಹೇಳಿದಳು: ಕುಂಕುಮ, ಅರಿಶಿನ, ಅಕ್ಕಿ ಇಂಥವು ತೀರಿದರೆ ನಮ್ಮಲ್ಲಿ ಖಾಲಿ ಆಯಿತು ಅನ್ನಬಾರದು, ಹೆಚ್ಚಾಯಿತು ಅನ್ನಬೇಕು. "ಅಪ್ಪಾ ಅಂತೂ ನೀರಿಗೂ ಹಂಗ ಅಂತಾರ. ಬಾಯ್ಲರದ ಮುಂದ ಖಾಲಿ ಅನ್ನೂ ಶಬ್ದ ಆಡಬಾರದಂತ ಅವರ ಶೆಡ್ಡಿನ್ಯಾಗ." ಸ್ಮಿತಾ ತಲೆಯಾಡಿಸಿದಳು. ನಮ್ಮಲ್ಲೂ ಬಳೆ ಒಡೆದರೆ ವಾಢಲೀ, ಬೆಳೆಯಿತು ಅಂತೀವಲ್ಲ, ಹಾಗೇ ಎಂದಳು.

ಕಾಕಾ ಮೂರು ಮಾರು ದೂರದಲ್ಲಿ ಕೂತಿದ್ದರು. ಅವರಿಗೆ ಹೊಳೆಯಲಿಲ್ಲ. ಹೇಗೆ ಹೊಳೆದೀತು? ತಾವು 'ಫುಲ್' ಅಂದೆ ಎಂದು ಅವರು ನಂಬಿಬಿಟ್ಟಿದ್ದರು. ಹೊಳೆದದ್ದು ನನಗೆ. ಅಲ್ಲಿಯೇ ಹೊಸ್ತಿಲ ಮೇಲೆ ನಿಂತು, 'ಕಾಕಾ, ನೀವು ಸರಿಯಾಗಿಯೇ ಹೇಳಿದ್ದಿರಿ, ನನಗೆ ತಿಳಿಯಲಿಲ್ಲ' ಎಂದಿದ್ದರೆ ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದೆವು. ಕನ್ನಡ ಬಾರದ ಕನ್ನಡಿಗ ಎಂದು ಕಾಕಾ ವರ್ಷಗಟ್ಟಲೆ ನನ್ನನ್ನು ಕಾಡಿಸುತ್ತಿದ್ದರು. ಆದರೆ ಹಾಗೆ ಹೇಳಿದರೆ 'ಫುಲ್' ಎಂಬ ಶಬ್ದ ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕಾಗುತ್ತಿತ್ತು. ಇಂಜಿನ್ನೂ ಮಂಚದ ಕೆಳಗೆ ವಾಪಸು ಹೋಗುತ್ತಿತ್ತು. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ.

ತಪ್ಪು ತಿಳಿದದ್ದು ತಪ್ಪಲ್ಲ, ಬಿಡಿ. ಕಾಕ್ ತೆಗೆಯದೆ ಇದ್ದದ್ದು ಸೋಮಾರಿತನ. ತಾರಸಿಯ ಮೇಲೆ ಆಡಿದ್ದು ಹೇಡಿಯ ಸುಳ್ಳು. ಆದರೆ ಆ ಹೊಸ್ತಿಲ ಮೇಲೆ ಬಾಯಿ ಮುಚ್ಚಿಕೊಂಡೆನಲ್ಲ — ಅದಕ್ಕೆ ನನ್ನ ಹತ್ತಿರ ಹೆಸರಿಲ್ಲ.

ನಾಲ್ಕು ವರ್ಷ ಪ್ರತಿ ರವಿವಾರ ಇಂಜಿನ್ ಓಡಿಸಿದೆ. ಹೊಸ ಪ್ಲಗ್ ಹಾಕಿಸಿದೆ, ಕಾಕ್ ತೆಗೆದು ನೋಡದೆ ಬೆಂಕಿ ಹಚ್ಚಲಿಲ್ಲ. ಈಗಲೂ ಮುಳ್ಳು ಮೊದಲ ಸಲ ಅಲುಗುವಾಗ ಮೈ ಜುಮ್ಮೆನ್ನುತ್ತದೆ. ಒಬ್ಬ ಮನುಷ್ಯ ಕಾನಸು ಹಿಡಿದು ಇಷ್ಟು ಮಾಡಬಹುದೇ ಎಂದು ಬಂದವರು ಕೇಳುತ್ತಾರೆ. ನನಗೂ ಪ್ರತಿ ಸಲ ಅದೇ ಬೆರಗು. ಕಾಕಾರನ್ನು ಎಷ್ಟೋ ಸಲ ಕರೆದೆ. ಬರಲಿಲ್ಲ. ಒಳಗೊಳಗೆ ಅದೇ ಒಳ್ಳೆಯದಾಯಿತು ಎಂದುಕೊಂಡೆ.

ಕಳೆದ ತಿಂಗಳು ಅವರ ಅಡುಗೆಮನೆಯ ನಳ ಸೋರುತ್ತಿದೆ ಎಂದು ಶೈಲಾ ಫೋನು ಮಾಡಿದಳು. ನಾನೇ ಹೋದೆ. ಕಾಕಾ ಅಳಿಯನ ಜೊತೆ ಕಣ್ಣಿನ ಡಾಕ್ಟರರ ಬಳಿ ಹೋಗಿದ್ದರು. ನಳದ ಮೇಲೆ ಗೋಡೆಗೆ ಒಂದು ಚೀಟಿ ಅಂಟಿತ್ತು: 'ನಳ ಬಂದ್ ಮಾಡಿದಿ ಏನು?' ಗ್ಯಾಸಿನ ಹತ್ತಿರ ಇನ್ನೊಂದು: 'ಎರಡು ಸಲ ನೋಡು.' ಬಾಗಿಲಿಗೆ, ಫ್ಯಾನಿನ ಗುಂಡಿಗೆ, ಔಷಧದ ಡಬ್ಬಿಗೆ. ಎಲ್ಲ ದುಂಡು ದುಂಡು ಕನ್ನಡ ಅಕ್ಷರ.

"ಅಪ್ಪಾನ್ವು," ಎಂದಳು ಶೈಲಾ. "ನಾಲ್ಕು ವರ್ಷ ಆತು ಅಣ್ಣಾ, ಒಂದು ಕಪ್ ಚಹಾ ಕಾಸಿಕೊಂಡಿಲ್ಲ. ಒಬ್ಬರ ರಸ್ತೆ ದಾಟಂಗಿಲ್ಲ. ಡಾಕ್ಟರು ಎಲ್ಲಾ ಪರೀಕ್ಷೆ ಮಾಡಿ, ಅಜ್ಜಾರ ತಲಿ ನಮ್ಮಕಿಂತ ಚುರುಕದ ಅಂದ್ರು. ಆದ್ರೂ ತಮ್ಮನ್ನ ತಾವ ನಂಬವಲ್ರು."

ಒಂದು ದಪ್ಪ ನೋಟ್‌ಬುಕ್ ತಂದು ಕೈಗಿಟ್ಟಳು. ದಿನವೂ ಮಲಗುವ ಮುಂಚೆ ಆ ದಿನ ತಿಂದದ್ದು, ಆಡಿದ್ದು, ಬಂದವರ ಹೆಸರು ಎಲ್ಲ ನೆನಪಿನಿಂದ ಬರೆಯುತ್ತಾರಂತೆ. ಮರುದಿನ ಅವಳ ಕೈಯಲ್ಲಿ ಪರೀಕ್ಷೆ ಮಾಡಿಸುತ್ತಾರಂತೆ. ಅಷ್ಟೂ ಪುಟಗಳಲ್ಲಿ ಒಂದೇ ಒಂದು ತಪ್ಪು ಸಿಕ್ಕಿಲ್ಲವಂತೆ. ಹನ್ನೊಂದು ವರ್ಷ ಕಾನಸು ಉಜ್ಜಿದ ಅದೇ ತಾಳ್ಮೆ! ಪುಟ ತಿರುವಿದೆ. ಪ್ರತಿ ರವಿವಾರ ಒಂದು ಸಾಲು ಇತ್ತು: 'ಹತ್ತು ಗಂಟೆ. ಶ್ರೀಧರ ಗಾಡಿ ಹಚ್ಚಿರಬೇಕು.'

ಕೊನೆಗೆ ಮೊದಲ ಪುಟಕ್ಕೆ ಹೋದೆ. ಅಲ್ಲಿ ಇದ್ದದ್ದು ಇಷ್ಟೇ: 'ರವಿವಾರ. ನೀರು ಹೆಚ್ಚಾಗಿದ್ದಾಗ ಫುಲ್ ಅದ ಅಂದೆನಂತೆ. ನೆನಪಿಲ್ಲ.'

ತಮ್ಮ ತಪ್ಪನ್ನು ಬರೆದುಕೊಳ್ಳುವಾಗಲೂ ಅವರು ಖಾಲಿ ಎಂದು ಬರೆದಿರಲಿಲ್ಲ. ಫೋನಿನಲ್ಲಿ ಆಡಿದ ಶಬ್ದ ಹಾಗೇ ಅಲ್ಲಿ ಕೂತಿತ್ತು, ಅವರದೇ ಅಕ್ಷರದಲ್ಲಿ. ಅದರ ಮುಂದೆ ಆ ಇನ್ನೊಂದು ಮಾತು. ಅಂದೆನಂತೆ. ಅಂದೆ ಎಂದಲ್ಲ — ಅಂದೆನಂತೆ. ಆ 'ಅಂತೆ' ನಾನು. ನಾಲ್ಕು ವರ್ಷದ ಚೀಟಿಗಳು, ಕಾಸದ ಚಹಾ, ದಾಟದ ರಸ್ತೆ ಎಲ್ಲ ಆ ಒಂದು 'ಅಂತೆ'ಯ ಮೇಲೆ ನಿಂತಿದ್ದವು. ನಳಕ್ಕೆ ವಾಷರ್ ಹಾಕಿದೆ. ಶೈಲಾಳಿಗೆ ಏನೂ ಹೇಳಲಿಲ್ಲ. ಮೊದಲು ಕೇಳಬೇಕಾದವರು ಅವಳಲ್ಲ.

ನಾಳೆ ರವಿವಾರ. ಕಾಕಾರನ್ನು ಕರೆತರಲು ಬೆಳಗ್ಗೆ ನಾನೇ ಯೆರವಡಾಕ್ಕೆ ಹೋಗುತ್ತಿದ್ದೇನೆ. ಒಮ್ಮೆ ಬರಲೇಬೇಕು ಎಂದಾಗ ಅವರು, "ಬರ್ತೀನಿ, ಆದ್ರ ಮುಟ್ಟಂಗಿಲ್ಲ," ಎಂದಿದ್ದಾರೆ. ಆ ದಿನ ಬಂದಿದ್ದ ಎಂಟೂ ಜನರನ್ನು ಕರೆದಿದ್ದೇನೆ. ಏಕೆಂದು ಅವರಿಗೆ ಹೇಳಿಲ್ಲ. ನಡೆದದ್ದನ್ನು ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ ಹೇಳುತ್ತೇನೆ. ಸುಳ್ಳು ಹೇಗೆ ಹೇಳಿದ್ದೆನೋ ಹಾಗೇ. ಇಂಜಿನ್ ಅವರ ಜೊತೆ ವಾಪಸು ಹೋಗುತ್ತದೆ. ಅದನ್ನು ಹೊದಿಸುವ ಚಾದರವನ್ನು ಸ್ಮಿತಾ ಒಗೆದು ಮಡಚಿಟ್ಟಿದ್ದಾಳೆ. ಹಳಿ ಇಲ್ಲೇ ಇರುತ್ತದೆ, ಅವರಿಗೆ ಬೇಕೆನಿಸಿದರೆ. ಬೇಡವೆನಿಸಿದರೆ ಅದಕ್ಕೂ ನಾನೇ ಕಾರಣ.

ಕ್ಷಮೆ ಸಿಗುತ್ತದೋ ಇಲ್ಲವೋ, ನನಗೆ ಗೊತ್ತಿಲ್ಲ. ಆ ನಾಲ್ಕು ವರ್ಷವನ್ನಂತೂ ಯಾರೂ ಅವರಿಗೆ ವಾಪಸು ಕೊಡಲಾರರು.

ಈಗಷ್ಟೇ ತಾರಸಿಗೆ ಹೋಗಿ ಬಂದೆ. ಇಂಜಿನ್ ಹಳಿಯ ಮೇಲಿದೆ, ತಣ್ಣಗೆ. ಬಾಯ್ಲರಿನ ನೀರನ್ನೆಲ್ಲ ಬಿಟ್ಟಿದ್ದೇನೆ. ಗಾಜು ತಿಳಿಯಾಗಿದೆ. ನಾಳೆ ಕಾಕಾ ಬಂದು, ಮುಟ್ಟುವುದಿಲ್ಲ ಎಂದರೂ, ಅಭ್ಯಾಸಬಲದಿಂದ ಆ ಗಾಜಿನ ಮುಂದೆ ಬಗ್ಗಿಯೇ ಬಗ್ಗುತ್ತಾರೆ, 'ನೀರ ನೋಡಿದ್ದೇನು?' ಎಂಬ ಆ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಆಗ ಎಲ್ಲರ ಮುಂದೆ, ಅವರು ಆ ದಿನ ಆಡಿದ ಮಾತನ್ನೇ ಅವರಿಗೆ ಹೇಳುತ್ತೇನೆ. "ನೀರು ಹೆಚ್ಚಾಗೇದ, ಕಾಕಾ."

ಆಮೇಲೆ ಅವರು ಏನು ಹೇಳುತ್ತಾರೋ ಅದನ್ನು ನಿಂತು ಕೇಳಬೇಕು. ಈ ಸಲ ಸರಿಯಾಗಿ.